ಆಹಾರದಲ್ಲಿ ಕೀಟನಾಶಕ ಶೇಷಾಂಶ ಹಾಗೂ ಗ್ರಾಹಕರ ಸೇವನಾ ಪ್ರಮಾಣದ ಅಂದಾಜು: ಉತ್ತರ ಬೆಂಗಳೂರಿನ ನಾಗರಿಕರ ಮಾಹಿತಿಗಾಗಿ

ಪೀಠಿಕೆ

ಬೆಂಗಳೂರು ನಗರದ ಉತ್ತರ ಭಾಗಕ್ಕೆ ಸೇರಿದ ಯಲಹಂಕ, ಹೆಬ್ಬಾಳ, ಯಶವಂತಪುರ, ರವೀಂದ್ರನಾಥ ಠಾಗೂರ್ ನಗರ (ಆರ್.ಟಿ. ನಗರ) ಮುಂತಾದ ಪ್ರದೇಶಗಳ ನಿವಾಸಿಗಳು ದಿನನಿತ್ಯ ಬಳಸುವ ತರಕಾರಿ, ಸೊಪ್ಪು ಹಾಗೂ ಹಣ್ಣುಗಳ ಬಹುಭಾಗವು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ದೇವನಹಳ್ಳಿ, ದೊಡ್ಡಬಳ್ಳಾಪುರ ಮತ್ತು ಕೋಲಾರದ ಕಡೆಯ ತೋಟಗಳಿಂದ ಬರುತ್ತದೆ. ಈರುಳ್ಳಿ, ಆಲೂಗೆಡ್ಡೆ, ದವಸ, ಬೇಳೆಕಾಳು ಮತ್ತು ದಿನಸಿ ಪದಾರ್ಥಗಳ ಸಗಟು ವ್ಯಾಪಾರಕ್ಕೆ ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣವು ಬಹುಕಾಲದಿಂದ ಹೆಸರಾಗಿದೆ. ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ಬರುವ ಟೊಮೆಟೊ ಕ್ರೇಟುಗಳ ವಾಹನಗಳು ಸೂರ್ಯೋದಯದ ಹೊತ್ತಿಗೆ ತಳ್ಳುಗಾಡಿಗಳಿಗೂ ಅಂಗಡಿಗಳಿಗೂ ಸರಕನ್ನು ಹಂಚಿ ಹಿಂತಿರುಗಿರುತ್ತವೆ. ಅದೇ ದಿನ ಮಧ್ಯಾಹ್ನ ಆ ಟೊಮೆಟೊ ಸಾರಾಗಿ ಊಟದ ತಟ್ಟೆಯಲ್ಲಿರುತ್ತದೆ.

ಇಷ್ಟು ಅಲ್ಪ ಅವಧಿಯಲ್ಲಿ ತೋಟದಿಂದ ತಟ್ಟೆಗೆ ಬರುವ ಪದಾರ್ಥದಲ್ಲಿ ಸಿಂಪಡಿಸಿದ ಕೀಟನಾಶಕವು ಎಷ್ಟು ಉಳಿದಿರಬಹುದು, ಅದರಲ್ಲಿ ಎಷ್ಟು ದೇಹವನ್ನು ಸೇರುತ್ತದೆ, ಆ ಪ್ರಮಾಣವು ಹಾನಿಕರವೇ ಎಂಬ ಮೂರು ಪ್ರಶ್ನೆಗಳು ನಾಗರಿಕರಿಂದ ಮತ್ತೆ ಮತ್ತೆ ಕೇಳಿಬರುತ್ತವೆ. ಈ ಮೂರೂ ಒಂದೇ ಪ್ರಶ್ನೆಯೆಂದು ಭಾವಿಸುವುದರಿಂದಲೇ ಅನೇಕ ವೇಳೆ ಅನಾವಶ್ಯಕ ಭೀತಿಯೂ, ಕೆಲವು ವೇಳೆ ಅನಾವಶ್ಯಕ ನಿಶ್ಚಿಂತೆಯೂ ಉಂಟಾಗುತ್ತದೆ. ಆದುದರಿಂದ ಅವುಗಳನ್ನು ಬೇರೆ ಬೇರೆಯಾಗಿ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಶೇಷಾಂಶವೆಂದರೇನು

ಬೆಳೆಗೆ ಸಿಂಪಡಿಸಿದ ಕೀಟನಾಶಕ, ಶಿಲೀಂಧ್ರನಾಶಕ ಅಥವಾ ಕಳೆನಾಶಕವು ಬಿಸಿಲು, ಮಳೆ, ಗಾಳಿ ಮತ್ತು ಗಿಡದ ಒಳಗಿನ ಜೈವಿಕ ಕ್ರಿಯೆಗಳಿಂದ ದಿನೇ ದಿನೇ ಕ್ಷೀಣಿಸುತ್ತದೆ. ಕೊಯ್ಲಿನ ನಂತರ ಫಸಲಿನ ಮೇಲೆ ಅಥವಾ ಒಳಗೆ ಉಳಿಯುವ ಅಂಶವನ್ನು, ಹಾಗೂ ಅದು ಒಡೆದು ಉಂಟಾಗುವ ಇತರ ವಿಷಕಾರಿ ಸಂಯುಕ್ತಗಳನ್ನು ಶೇಷಾಂಶವೆಂದು ಕರೆಯಲಾಗುತ್ತದೆ. ಇದನ್ನು ಒಂದು ಕಿಲೋಗ್ರಾಂ ಪದಾರ್ಥದಲ್ಲಿ ಇಷ್ಟು ಮಿಲಿಗ್ರಾಂ ಎಂದು ಅಳೆಯುವುದು ರೂಢಿ. ಕಿಲೋಗ್ರಾಂಗೆ 1 ಮಿಲಿಗ್ರಾಂ ಎಂದರೆ ಒಂದು ಟನ್ ಟೊಮೆಟೊದಲ್ಲಿ ಒಂದು ಗ್ರಾಂ. ಇಂದಿನ ಪ್ರಯೋಗಾಲಯದ ಉಪಕರಣಗಳು 0.01 ಮಿಲಿಗ್ರಾಂ ಮಟ್ಟವನ್ನು ಸಹ ನಿಖರವಾಗಿ ಅಳೆಯಬಲ್ಲವು. ಅಂದರೆ ತಲಾ ಹತ್ತು ಟನ್ ಹೊತ್ತ ಹತ್ತು ಲಾರಿಗಳ ಸರಕಿನಲ್ಲಿ ಒಟ್ಟು ಒಂದು ಗ್ರಾಂ ಇದ್ದರೂ ಪತ್ತೆಯಾಗುತ್ತದೆ. ಆದ್ದರಿಂದ ‘ಶೇಷಾಂಶ ಪತ್ತೆಯಾಗಿದೆ’ ಎಂಬ ವಾಕ್ಯವೊಂದರಿಂದಲೇ ಏನನ್ನೂ ನಿರ್ಣಯಿಸಲಾಗದು.

ಗ್ರಾಮೀಣ ಭಾಗದಲ್ಲಿ ಕೀಟನಾಶಕವನ್ನು ಸಾಮಾನ್ಯವಾಗಿ ‘ಔಷಧಿ’ ಎಂದು ಕರೆಯುವ ರೂಢಿಯಿದೆ. ಹೆಸರಿನಲ್ಲಿ ಅಪಾಯದ ಸುಳಿವಿಲ್ಲದಿರುವುದು ಸಹ ಬಳಕೆಯಲ್ಲಿನ ಅಜಾಗರೂಕತೆಗೆ ಒಂದು ಕಾರಣವಿರಬಹುದು.

ಪ್ರತಿಯೊಂದು ನೋಂದಾಯಿತ ಕೀಟನಾಶಕದ ಜೊತೆಗಿರುವ ಚೀಟಿ ಹಾಗೂ ಕರಪತ್ರದಲ್ಲಿ, ಯಾವ ಬೆಳೆಗೆ, ಯಾವ ಪ್ರಮಾಣದಲ್ಲಿ, ಕೊನೆಯ ಸಿಂಪರಣೆಯಿಂದ ಎಷ್ಟು ದಿನಗಳ ನಂತರ ಕೊಯ್ಲು ಮಾಡಬೇಕು ಎಂಬುದನ್ನು ನಮೂದಿಸಲಾಗಿರುತ್ತದೆ. ಈ ಅಂತರವನ್ನು ಕಾಯುವ ಅವಧಿ ಎನ್ನಲಾಗುತ್ತದೆ. ಭತ್ತ, ರಾಗಿಯಂತಹ ಒಂದೇ ಬಾರಿ ಕೊಯ್ಲಾಗುವ ಬೆಳೆಗಳಲ್ಲಿ ಇದನ್ನು ಪಾಲಿಸುವುದು ಕಷ್ಟವಲ್ಲ. ಆದರೆ ಟೊಮೆಟೊ, ಬೆಂಡೆ, ಬದನೆ, ಹುರುಳಿಕಾಯಿಗಳನ್ನು ಎರಡು ಮೂರು ದಿನಗಳಿಗೊಮ್ಮೆ ಕೀಳಬೇಕಾಗುತ್ತದೆ. ಹಣ್ಣು ಕೊರೆಯುವ ಹುಳು ಕಾಣಿಸಿಕೊಂಡಾಗ ಏಳು ದಿನ ಕಾಯಬೇಕಾದ ಔಷಧಿಯನ್ನು ಸಿಂಪಡಿಸಿದ ರೈತನು, ಮೂರನೆಯ ದಿನ ಮಾಗಿದ ಹಣ್ಣನ್ನು ಗಿಡದಲ್ಲೇ ಬಿಟ್ಟರೆ ಅದು ಹಾಳಾಗುತ್ತದೆ. ಕಿತ್ತರೆ ಶೇಷಾಂಶದೊಡನೆ ಮಾರುಕಟ್ಟೆ ಸೇರುತ್ತದೆ. ಶೇಷಾಂಶದ ಸಮಸ್ಯೆಯ ಮೂಲವು ಬಹಳಷ್ಟು ಮಟ್ಟಿಗೆ ಈ ನಾಲ್ಕು ದಿನಗಳಲ್ಲಿಯೇ ಅಡಗಿದೆ ಎಂದರೆ ತಪ್ಪಾಗಲಾರದು.

ಕಾನೂನಿನ ಚೌಕಟ್ಟು

1958ರಲ್ಲಿ ಹಡಗಿನಲ್ಲಿ ಸಾಗಿಸುವಾಗ ಪ್ಯಾರಾಥಿಯಾನ್ ಕೀಟನಾಶಕ ಸೋರಿ ಬೆರೆತಿದ್ದ ಗೋಧಿ ಹಿಟ್ಟನ್ನು ಸೇವಿಸಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಇದರ ವಿಚಾರಣೆಯ ಫಲವಾಗಿ ಕೀಟನಾಶಕಗಳ ಅಧಿನಿಯಮ, 1968 ಜಾರಿಗೆ ಬಂದಿತು. ಯಾವ ಕೀಟನಾಶಕವನ್ನು ಯಾವ ಬೆಳೆಗೆ ಬಳಸಬಹುದೆಂಬುದನ್ನು ಈ ಅಧಿನಿಯಮದಡಿ ರಚಿತವಾದ ನೋಂದಣಿ ಸಮಿತಿಯು ತೀರ್ಮಾನಿಸುತ್ತದೆ. ಆಹಾರದಲ್ಲಿ ಎಷ್ಟು ಶೇಷಾಂಶವಿರಬಹುದೆಂಬುದು ಮೊದಲಿಗೆ ಆಹಾರ ಕಲಬೆರಕೆ ತಡೆ ಅಧಿನಿಯಮ, 1954ರ ನಿಯಮಗಳಲ್ಲಿತ್ತು. 2011ರ ಆಗಸ್ಟ್ 5ರಿಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006 ಅದರ ಸ್ಥಾನವನ್ನು ಪಡೆದಿದೆ. ಈ ಅಧಿನಿಯಮದ 21ನೆಯ ಪ್ರಕರಣದಂತೆ ಯಾವುದೇ ಆಹಾರ ಪದಾರ್ಥವು ನಿಗದಿತ ಮಿತಿಯನ್ನು ಮೀರಿದ ಕೀಟನಾಶಕ ಶೇಷಾಂಶವನ್ನು ಹೊಂದಿರತಕ್ಕದ್ದಲ್ಲ. ನೋಂದಾಯಿತ ಧೂಮೀಕರಣ ವಸ್ತುಗಳ ಹೊರತು ಬೇರಾವ ಕೀಟನಾಶಕವನ್ನೂ ಆಹಾರ ಪದಾರ್ಥದ ಮೇಲೆ ನೇರವಾಗಿ ಬಳಸುವಂತಿಲ್ಲ ಎಂಬುದನ್ನು ದವಸ, ಬೇಳೆಗಳನ್ನು ಗೋದಾಮುಗಳಲ್ಲಿ ಶೇಖರಿಸುವ ವರ್ತಕರು ವಿಶೇಷವಾಗಿ ಗಮನಿಸತಕ್ಕದ್ದು.

ನಿಗದಿತ ಮಿತಿಯನ್ನು ಗರಿಷ್ಠ ಶೇಷಾಂಶ ಮಿತಿ ಅಥವಾ ಸಂಕ್ಷಿಪ್ತವಾಗಿ ಎಂ.ಆರ್.ಎಲ್. ಎನ್ನಲಾಗುತ್ತದೆ. ಒಂದು ಬೆಳೆಗೆ ಒಂದು ಕೀಟನಾಶಕದ ಮಿತಿಯನ್ನು ಪ್ರತ್ಯೇಕವಾಗಿ ನಿಗದಿಪಡಿಸಿಲ್ಲದಿದ್ದಲ್ಲಿ, ಸಾಮಾನ್ಯವಾಗಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ ಎಂಬ ಮಿತಿಯು ಅನ್ವಯಿಸುತ್ತದೆ. ಮಸಾಲೆ ಪದಾರ್ಥಗಳಿಗೆ ಪ್ರತ್ಯೇಕ ಉಪಬಂಧಗಳಿವೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ಸ್ಪಷ್ಟಪಡಿಸಬೇಕಾಗಿದೆ. ಎಂ.ಆರ್.ಎಲ್. ಎಂಬುದು ‘ಇದಕ್ಕಿಂತ ಹೆಚ್ಚಾದರೆ ಕಾಯಿಲೆ, ಕಡಿಮೆಯಾದರೆ ಕ್ಷೇಮ’ ಎಂಬ ಗೆರೆಯಲ್ಲ. ಚೀಟಿಯಲ್ಲಿನ ಸೂಚನೆಯಂತೆ ಸಿಂಪಡಿಸಿ, ಕಾಯುವ ಅವಧಿಯನ್ನು ಪಾಲಿಸಿದ ತೋಟದಲ್ಲಿ ಹೆಚ್ಚೆಂದರೆ ಎಷ್ಟು ಉಳಿಯಬಹುದು ಎಂಬುದನ್ನು ಕ್ಷೇತ್ರ ಪ್ರಯೋಗಗಳಿಂದ ಕಂಡುಕೊಂಡು, ಆ ಮಟ್ಟದ ಶೇಷಾಂಶವಿದ್ದರೂ ಗ್ರಾಹಕರ ಆರೋಗ್ಯಕ್ಕೆ ಬಾಧಕವಿಲ್ಲವೆಂದು ಪರಿಶೀಲಿಸಿದ ನಂತರ ನಿಗದಿಪಡಿಸುವ ಸಂಖ್ಯೆ ಅದು. ಮಿತಿಯನ್ನು ಮೀರಿದ ಪದಾರ್ಥವು ಕಾನೂನಿನ ಉಲ್ಲಂಘನೆಯಾಗುತ್ತದೆ. ಆದರೆ ಅದನ್ನು ತಿಂದವರಿಗೆ ಹಾನಿಯಾಗುತ್ತದೆಯೇ ಎಂಬುದಕ್ಕೆ ಬೇರೆಯದೇ ಲೆಕ್ಕ ಬೇಕು. ಆ ಲೆಕ್ಕವೇ ಸೇವನಾ ಪ್ರಮಾಣದ ಅಂದಾಜು.

ಸೇವನಾ ಪ್ರಮಾಣವನ್ನು ಲೆಕ್ಕ ಹಾಕುವ ಬಗೆ

ಲೆಕ್ಕದ ಒಂದು ಬದಿಯಲ್ಲಿ ಸುರಕ್ಷಿತ ಪ್ರಮಾಣವಿರುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಯಾವ ಪ್ರಮಾಣದವರೆಗೆ ಯಾವುದೇ ದುಷ್ಪರಿಣಾಮ ಕಾಣಲಿಲ್ಲವೋ, ಅದನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಲಾಗುತ್ತದೆ. ಪ್ರಾಣಿಗಿಂತ ಮನುಷ್ಯನು ಹೆಚ್ಚು ಸೂಕ್ಷ್ಮನಾಗಿರಬಹುದೆಂದು ಹತ್ತು ಪಟ್ಟು, ಮನುಷ್ಯರಲ್ಲಿಯೇ ಮಕ್ಕಳು, ಗರ್ಭಿಣಿಯರು, ರೋಗಿಗಳು ಹೆಚ್ಚು ಸೂಕ್ಷ್ಮರಾಗಿರಬಹುದೆಂದು ಮತ್ತೆ ಹತ್ತು ಪಟ್ಟು. ಹೀಗೆ ದೊರೆತ ಪ್ರಮಾಣವನ್ನು ಜೀವಮಾನವಿಡೀ ಪ್ರತಿದಿನ ಸೇವಿಸಿದರೂ ಗಮನಾರ್ಹ ಅಪಾಯವಿಲ್ಲವೆಂದು ಪರಿಗಣಿಸಲಾಗುತ್ತದೆ. ಇದು ದೈನಂದಿನ ಸ್ವೀಕಾರಾರ್ಹ ಸೇವನಾ ಪ್ರಮಾಣ, ಅಂದರೆ ಎ.ಡಿ.ಐ. ಒಂದೇ ದಿನದಲ್ಲಿ ಅಥವಾ ಒಂದೇ ಊಟದಲ್ಲಿ ಮೀರಬಾರದ ಪ್ರಮಾಣವನ್ನು ಪ್ರತ್ಯೇಕವಾಗಿ ನಿಗದಿಪಡಿಸಿ ಎ.ಆರ್.ಎಫ್.ಡಿ. ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಭೆಯು 1963ರಿಂದ ಇಂತಹ ಪ್ರಮಾಣಗಳನ್ನು ಪ್ರಕಟಿಸುತ್ತಾ ಬಂದಿದೆ.

ಲೆಕ್ಕದ ಮತ್ತೊಂದು ಬದಿಯಲ್ಲಿ ಗ್ರಾಹಕನ ಸೇವನೆ ಇರುತ್ತದೆ: ಪದಾರ್ಥದಲ್ಲಿರುವ ಶೇಷಾಂಶವನ್ನು ತಿಂದ ಪ್ರಮಾಣದಿಂದ ಗುಣಿಸಿ, ದೇಹದ ತೂಕದಿಂದ ಭಾಗಿಸಬೇಕು. ಅಂಗಡಿಯ ಜಮಾ ಖರ್ಚಿನಂತೆ ಎರಡೂ ಬದಿಗಳನ್ನು ಹೋಲಿಸಿ ನೋಡಿದರೆ ಮಾತ್ರ ಪರಿಸ್ಥಿತಿ ತಿಳಿಯುತ್ತದೆ.

ಉದಾಹರಣೆಗೆ ಮಾನೊಕ್ರೋಟೊಫಾಸ್ ಎಂಬ ಅತ್ಯಂತ ವಿಷಕಾರಿ ಕೀಟನಾಶಕವನ್ನು ತೆಗೆದುಕೊಳ್ಳೋಣ. 2013ರಲ್ಲಿ ಬಿಹಾರದ ಛಪ್ರಾ ಬಳಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಸೇವಿಸಿದ 23 ಮಕ್ಕಳ ಸಾವಿಗೆ ಕಾರಣವಾದದ್ದು ಇದೇ ರಾಸಾಯನಿಕ. ತರಕಾರಿಗಳ ಮೇಲೆ ಇದರ ಬಳಕೆಯನ್ನು 2005ರಲ್ಲಿಯೇ ನಿಷೇಧಿಸಲಾಗಿತ್ತು. ಹೆಚ್ಚು ಬಳಕೆಯಲ್ಲಿದ್ದ ಶೇ. 36ರ ದ್ರಾವಣವನ್ನೂ 2023ರಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿ ಆದೇಶ ಹೊರಡಿಸಿದೆ. ಇದರ ಎ.ಡಿ.ಐ. ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 0.0006 ಮಿಲಿಗ್ರಾಂ, ಅಂದರೆ 0.6 ಮೈಕ್ರೋಗ್ರಾಂ. ಒಂದು ಕಿಲೋಗ್ರಾಂ ಟೊಮೆಟೊದಲ್ಲಿ ಇದು 0.2 ಮಿಲಿಗ್ರಾಂ ಇದೆಯೆಂದು ಊಹಿಸೋಣ. 60 ಕಿಲೋಗ್ರಾಂ ತೂಕದ ವಯಸ್ಕರು 100 ಗ್ರಾಂ ತಿಂದರೆ 20 ಮೈಕ್ರೋಗ್ರಾಂ ದೇಹ ಸೇರುತ್ತದೆ. ತೂಕದಿಂದ ಭಾಗಿಸಿದಾಗ 0.33. ಇದು ಸ್ವೀಕಾರಾರ್ಹ ಪ್ರಮಾಣದ ಶೇ. 55ರಷ್ಟು. ಅದೇ ಮನೆಯ 15 ಕಿಲೋಗ್ರಾಂ ತೂಕದ ಮಗು 60 ಗ್ರಾಂ ತಿಂದರೆ 12 ಮೈಕ್ರೋಗ್ರಾಂ. ತೂಕದಿಂದ ಭಾಗಿಸಿದಾಗ 0.8. ಇದು ಸ್ವೀಕಾರಾರ್ಹ ಪ್ರಮಾಣದ ಶೇ. 133. ಒಂದೇ ಪಾತ್ರೆಯ ಸಾರು, ತಂದೆಗೆ ಮಿತಿಯೊಳಗೆ, ಮಗುವಿಗೆ ಮಿತಿಯ ಹೊರಗೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಆಹಾರವನ್ನು ಸೇವಿಸುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಸರಿಯಾದ ಅಂದಾಜುಗಳಲ್ಲಿ ಮಕ್ಕಳ ಲೆಕ್ಕವನ್ನು ಕಡ್ಡಾಯವಾಗಿ ಬೇರೆ ಮಾಡಲಾಗುತ್ತದೆ.

ಅದೇ ಟೊಮೆಟೊದಲ್ಲಿ ಅದೇ 0.2 ಮಿಲಿಗ್ರಾಂ ಇದ್ದು, ಆದರೆ ಅದು ಪ್ರೊಫೆನೊಫಾಸ್ ಆಗಿದ್ದರೆ? ಅದರ ಎ.ಡಿ.ಐ. 0.03 ಮಿಲಿಗ್ರಾಂ, ಅಂದರೆ ಐವತ್ತು ಪಟ್ಟು ಹೆಚ್ಚು. ಆಗ ಮಗುವಿನ ಸೇವನೆಯು ಸ್ವೀಕಾರಾರ್ಹ ಪ್ರಮಾಣದ ಶೇ. 3ನ್ನೂ ಮುಟ್ಟುವುದಿಲ್ಲ. ಯಾವ ರಾಸಾಯನಿಕವೆಂಬುದನ್ನು ಹೇಳದೆ ಕೇವಲ ಪ್ರಮಾಣವನ್ನು ಮಾತ್ರ ಹೇಳುವ ವರದಿಗಳಿಗೆ ಅರ್ಥವಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಸರಾಸರಿ ಮತ್ತು ಒಂದು ದಿನದ ಊಟ

ಮೇಲಿನ ಲೆಕ್ಕದಲ್ಲಿ ಒಂದು ಲೋಪವಿದೆ. ಪ್ರತಿದಿನವೂ ಪ್ರತಿಯೊಂದು ಟೊಮೆಟೊವೂ 0.2 ಮಿಲಿಗ್ರಾಂ ಶೇಷಾಂಶವನ್ನು ಹೊಂದಿರುತ್ತದೆಂದು ಅದು ಭಾವಿಸುತ್ತದೆ. ವಾಸ್ತವದಲ್ಲಿ ನೂರು ಮಾದರಿಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಮಾತ್ರ 0.2 ಇದ್ದು, ಉಳಿದ ತೊಂಬತ್ತರಲ್ಲಿ ಏನೂ ಕಂಡುಬಾರದಿರಬಹುದು. ‘ಕಂಡುಬಂದಿಲ್ಲ’ ಎಂದರೆ ಸೊನ್ನೆಯೆಂದು ತಿಳಿದರೆ ಸರಾಸರಿ 0.02 ಆಗುತ್ತದೆ. ಆದರೆ ಉಪಕರಣವು 0.01ಕ್ಕಿಂತ ಕಡಿಮೆಯದನ್ನು ಅಳೆಯಲಾರದಾದ್ದರಿಂದ, ಆ ತೊಂಬತ್ತರಲ್ಲಿಯೂ 0.01 ಇದ್ದಿರಬಹುದೆಂದು ಎಚ್ಚರಿಕೆಯಿಂದ ಎಣಿಸಿದರೆ ಸರಾಸರಿ 0.029ಕ್ಕೆ ಏರುತ್ತದೆ. ಮೊದಲನೆಯ ಲೆಕ್ಕದಂತೆ ಮಗುವಿನ ದೀರ್ಘಕಾಲದ ಸೇವನೆ ಸ್ವೀಕಾರಾರ್ಹ ಪ್ರಮಾಣದ ಶೇ. 13, ಎರಡನೆಯದರಂತೆ ಶೇ. 19. ತಜ್ಞರು ಎರಡನ್ನೂ ಮುಂದಿಡುತ್ತಾರೆ. ಒಂದನ್ನು ಮಾತ್ರ ಹೇಳಿ ಮತ್ತೊಂದನ್ನು ಮರೆಮಾಚುವ ವರದಿಯನ್ನು ಓದುಗರು ಸಂಶಯದಿಂದ ನೋಡುವುದು ಒಳಿತು.

ಹಾಗಾದರೆ ಚಿಂತೆಯಿಲ್ಲವೆ? ದೀರ್ಘಕಾಲದ ಲೆಕ್ಕದಲ್ಲಿ ಇಲ್ಲದಿರಬಹುದು, ಆದರೆ ಒಂದು ದಿನದ ಲೆಕ್ಕ ಬೇರೆ. ಪ್ರಯೋಗಾಲಯವು ಹತ್ತಾರು ಹಣ್ಣುಗಳನ್ನು ಒಟ್ಟಿಗೆ ಅರೆದು ಪರೀಕ್ಷಿಸುವುದರಿಂದ ಬರುವ ಫಲಿತಾಂಶವು ಸರಾಸರಿಯೇ ಆಗಿರುತ್ತದೆ. ಸಿಂಪರಣೆಯ ಧಾರೆಗೆ ನೇರವಾಗಿ ಸಿಕ್ಕ ಒಂದು ಹಣ್ಣಿನಲ್ಲಿ ಅದರ ಹಲವು ಪಟ್ಟು ಇರಬಹುದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದಕ್ಕಾಗಿ ಮೂರು ಪಟ್ಟು ಎಂದು ಎಣಿಸಲಾಗುತ್ತದೆ. ಮೇಲೆ ಹೇಳಿದ 0.2 ಮಿಲಿಗ್ರಾಂ ಇದ್ದ ಮಾದರಿಯ ಒಂದು ಹಣ್ಣಿನಲ್ಲಿ ಹೀಗೆ 0.6 ಇದ್ದು, ಮಗುವು ಅದರಲ್ಲಿ 60 ಗ್ರಾಂ ತಿಂದರೆ 36 ಮೈಕ್ರೋಗ್ರಾಂ. ತೂಕದಿಂದ ಭಾಗಿಸಿದಾಗ 2.4. ಮಾನೊಕ್ರೋಟೊಫಾಸ್‌ನ ಒಂದು ದಿನದ ಮಿತಿ 2 ಮೈಕ್ರೋಗ್ರಾಂ. ವರ್ಷದ ಸರಾಸರಿಯಲ್ಲಿ ನಿರಾತಂಕವಾಗಿ ಕಂಡ ಪದಾರ್ಥವು ಒಂದು ಮಧ್ಯಾಹ್ನದ ಮಟ್ಟಿಗೆ ಮಿತಿಯನ್ನು ದಾಟಿತು. ಇಂತಹ ರಾಸಾಯನಿಕಗಳನ್ನು ಪೂರ್ತಿಯಾಗಿ ನಿಷೇಧಿಸುವುದರ ಹಿಂದಿನ ತರ್ಕವೂ ಇದೇ ಆಗಿದೆ. ಮಿತಿಯು ಅತ್ಯಂತ ಕಿರಿದಾಗಿದ್ದಾಗ ಬಳಕೆದಾರನ ಸಣ್ಣ ತಪ್ಪನ್ನೂ ಅದು ತಾಳಿಕೊಳ್ಳಲಾರದು.

ಶೇಷಾಂಶ ಹೆಚ್ಚಿರುವುದೇ ಅಪಾಯವೆಂದಲ್ಲ

ಕರಿಬೇವು ಇದಕ್ಕೆ ಉತ್ತಮ ನಿದರ್ಶನ. ಭಾರತದ ಕರಿಬೇವಿನಲ್ಲಿ ಕೀಟನಾಶಕ ಶೇಷಾಂಶ ಹೆಚ್ಚಿರುತ್ತದೆಂಬ ಕಾರಣಕ್ಕೆ ಐರೋಪ್ಯ ಒಕ್ಕೂಟವು ಅದರ ಆಮದಿನ ಮೇಲೆ ಹೆಚ್ಚುವರಿ ತಪಾಸಣೆಯನ್ನು ವಿಧಿಸಿದ್ದುಂಟು. ಆದರೆ ಒಗ್ಗರಣೆಗೆ ಹಾಕುವ ಸೊಪ್ಪು ಒಬ್ಬರ ಪಾಲಿಗೆ 2 ಗ್ರಾಂ ಇದ್ದೀತು. ಅದನ್ನೂ ಅನೇಕರು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಕಿಲೋಗ್ರಾಂಗೆ 1 ಮಿಲಿಗ್ರಾಂ ಶೇಷಾಂಶವಿರುವ ಕರಿಬೇವು 2 ಗ್ರಾಂ ತಿಂದರೆ 2 ಮೈಕ್ರೋಗ್ರಾಂ. ಅದರ ಇಪ್ಪತ್ತನೆಯ ಒಂದು ಭಾಗ, ಅಂದರೆ 0.05 ಮಿಲಿಗ್ರಾಂ ಮಾತ್ರ ಇರುವ ಟೊಮೆಟೊ 100 ಗ್ರಾಂ ತಿಂದರೆ 5 ಮೈಕ್ರೋಗ್ರಾಂ. ಸುದ್ದಿಯಾಗುವುದು ಕರಿಬೇವು, ದೇಹಕ್ಕೆ ಹೆಚ್ಚು ಸೇರುವುದು ಟೊಮೆಟೊದಿಂದ. ಸೇವನಾ ಪ್ರಮಾಣವನ್ನು ಅಂದಾಜು ಮಾಡದೆ ಕೇವಲ ಶೇಷಾಂಶದ ಪಟ್ಟಿಯನ್ನು ನೋಡುವುದರಿಂದ ಆಗುವ ತಪ್ಪು ಇಂತಹುದು.

ಯಾವ ಭಾಗವನ್ನು ತಿನ್ನಲಾಗುತ್ತದೆ ಎಂಬುದೂ ಮುಖ್ಯ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಅವರೆಕಾಯಿ ಕಾಲ ಬಂದಾಗ ಬೆಂಗಳೂರಿನ ಮನೆಗಳಲ್ಲಿ ಮೂರು ಹೊತ್ತೂ ಅವರೆಯೇ: ಉಪ್ಪಿಟ್ಟಿಗೆ, ಸಾರಿಗೆ, ಕಡೆಗೆ ರೊಟ್ಟಿಗೆ ಕೂಡ. ಆ ಎರಡು ತಿಂಗಳಿನ ಸೇವನೆಯು ವಾರ್ಷಿಕ ಸರಾಸರಿ ಅಂಕಿ ಅಂಶಗಳಲ್ಲಿ ಕಾಣಿಸುವುದೇ ಇಲ್ಲ. ಕಾಯಿ ಕೊರಕದ ಹತೋಟಿಗಾಗಿ ಸಿಂಪಡಿಸುವ ಕೀಟನಾಶಕ ಬೀಳುವುದು ಸಿಪ್ಪೆಯ ಮೇಲೆ. ಕಾಯಿ ಬಿಡಿಸಿದಾಗ ಸಿಪ್ಪೆ ಹೋಗುತ್ತದೆ; ಹಿತುಕಿದ ಬೇಳೆ ಮಾಡಿದಾಗ ಕಾಳಿನ ಮೇಲಿನ ಪೊರೆಯೂ ಹೋಗುತ್ತದೆ. ಹೀಗಾಗಿ ಮೇಲ್ಮೈಯಲ್ಲಿ ನಿಲ್ಲುವ ರಾಸಾಯನಿಕಗಳ ಮಟ್ಟಿಗೆ ಹಿತುಕಿದವರೆಯ ಸಾರು ಸುರಕ್ಷಿತವೆನ್ನಬಹುದು. ಗಿಡದೊಳಗೆ ಹೀರಲ್ಪಟ್ಟು ಹರಡುವ ಅಂತರ್ವ್ಯಾಪಿ ಕೀಟನಾಶಕಗಳಿಗೆ ಈ ಮಾತು ಅನ್ವಯಿಸದು.

ದ್ರಾಕ್ಷಿಯ ಸ್ಥಿತಿ ಇದಕ್ಕೆ ವಿರುದ್ಧ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಭಾಗದ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಂದು ಹಾಪ್‌ಕಾಮ್ಸ್ ಎಂದು ಪರಿಚಿತವಾಗಿರುವ ಸಂಸ್ಥೆಯು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಆರಂಭವಾದುದೆಂಬುದನ್ನು ಇಲ್ಲಿ ಸ್ಮರಿಸಬಹುದು. ಈ ತಳಿಯು ರೋಗಗಳನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಗುಣವನ್ನು ಹೊಂದಿದೆ. ಆದರೂ ದ್ರಾಕ್ಷಿಯನ್ನು ಸುಲಿದು, ಬೇಯಿಸಿ ತಿನ್ನುವವರಿಲ್ಲ. ಮಕ್ಕಳು ಒಂದೇ ಬಾರಿಗೆ ಗೊಂಚಲನ್ನೇ ಮುಗಿಸುತ್ತಾರೆ. 15 ಕಿಲೋಗ್ರಾಂ ತೂಕದ ಮಗುವು ಸೈಪರ್‌ಮೆಥ್ರಿನ್ ಶೇಷಾಂಶ 1 ಮಿಲಿಗ್ರಾಂ ಇರುವ 150 ಗ್ರಾಂ ದ್ರಾಕ್ಷಿಯನ್ನು ತಿಂದರೆ ಅದರ ಸೇವನೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 10 ಮೈಕ್ರೋಗ್ರಾಂ ಆಗುತ್ತದೆ. ಒಂದು ದಿನದ ಮಿತಿ 40 ಮೈಕ್ರೋಗ್ರಾಂ ಆದುದರಿಂದ ಇದು ಕಾಲು ಭಾಗ. ಒಂದೇ ಹಣ್ಣಿನಲ್ಲಿ ನಾಲ್ಕೈದು ಬಗೆಯ ರಾಸಾಯನಿಕಗಳಿದ್ದು, ಅವು ನರಮಂಡಲದ ಮೇಲೆ ಒಂದೇ ರೀತಿಯ ಪರಿಣಾಮ ಬೀರುವ ಗುಂಪಿನವಾಗಿದ್ದರೆ ಕಾಲು ಕಾಲು ಸೇರಿ ಒಂದಾಗಬಹುದು. ಆದ್ದರಿಂದ ಒಂದೇ ಗುಂಪಿನ ಕೀಟನಾಶಕಗಳ ಸೇವನೆಯನ್ನು ಒಟ್ಟುಗೂಡಿಸಿ ನೋಡುವ ಪದ್ಧತಿಯು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ.

ರಫ್ತಾಗುವ ದ್ರಾಕ್ಷಿಯ ಪ್ರತಿ ತೋಟವನ್ನೂ ನೋಂದಾಯಿಸಿ, ಕೊಯ್ಲಿಗೆ ಮೊದಲು ಶೇಷಾಂಶ ಪರೀಕ್ಷೆ ಮಾಡುವ ಗ್ರೇಪ್‌ನೆಟ್ ವ್ಯವಸ್ಥೆಯು 2006ರಲ್ಲಿಯೇ ಜಾರಿಗೆ ಬಂದಿತು. ಹಾಗಿದ್ದೂ 2010ರಲ್ಲಿ, ಅಂದಿನ ಪರೀಕ್ಷಾ ಪಟ್ಟಿಯಲ್ಲಿಲ್ಲದ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕವು ಯೂರೋಪಿನಲ್ಲಿ ಪತ್ತೆಯಾಗಿ ಬೆಳೆಗಾರರು ಭಾರೀ ನಷ್ಟ ಅನುಭವಿಸಿದರು. ಹುಡುಕದೆ ಇದ್ದುದು ಸಿಗುವುದಿಲ್ಲ ಎಂಬುದು ಪ್ರಯೋಗಾಲಯಗಳಿಗೂ ಅನ್ವಯಿಸುವ ಮಾತು. ದೇಶದೊಳಗಿನ ಗ್ರಾಹಕರಿಗೆ ಮಾರಾಟವಾಗುವ ಹಣ್ಣಿಗೆ ತೋಟವಾರು ಪರೀಕ್ಷೆಯ ಇಂತಹ ಕಡ್ಡಾಯವಿಲ್ಲವೆಂಬುದೂ ಗಮನಾರ್ಹ.

ಮಾದರಿ ಪರೀಕ್ಷೆಗಳು ಏನು ಹೇಳುತ್ತವೆ

ಕೇಂದ್ರ ಕೃಷಿ ಇಲಾಖೆಯ ರಾಷ್ಟ್ರಮಟ್ಟದ ಕೀಟನಾಶಕ ಶೇಷಾಂಶ ಮೇಲ್ವಿಚಾರಣಾ ಯೋಜನೆಯು 2005-06ರಿಂದ ನಡೆಯುತ್ತಾ ಬಂದಿದೆ. ಯಲಹಂಕಕ್ಕೆ ಅನತಿದೂರದ ಹೆಸರಘಟ್ಟದಲ್ಲಿರುವ, 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಶೇಷಾಂಶ ಪರೀಕ್ಷೆಗಾಗಿಯೇ ಪ್ರಯೋಗಾಲಯವನ್ನು ಹೊಂದಿದೆ. ಈ ಯೋಜನೆಯಡಿ 2014-15ರಲ್ಲಿ ದೇಶಾದ್ಯಂತ 20,618 ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 18.7ರಲ್ಲಿ ಶೇಷಾಂಶ ಕಂಡುಬಂದಿತು. 543 ಮಾದರಿಗಳಲ್ಲಿ, ಅಂದರೆ ಶೇ. 2.6ರಲ್ಲಿ, ಅದು ಮಿತಿಯನ್ನು ಮೀರಿತ್ತು. ಆದರೆ ಅದೇ ವರದಿಯ ಇನ್ನೊಂದು ಅಂಕಿ ಹೆಚ್ಚು ಯೋಚಿಸತಕ್ಕದ್ದು: ಶೇ. 12.5ರಷ್ಟು ಮಾದರಿಗಳಲ್ಲಿ ಆ ಬೆಳೆಗೆ ಅನುಮೋದನೆಯೇ ಇಲ್ಲದ ಕೀಟನಾಶಕಗಳಿದ್ದವು. ಇದು ಚೀಟಿಯನ್ನು ಓದದೆ, ಅಂಗಡಿಯವರು ಕೊಟ್ಟದ್ದನ್ನು ಸಿಂಪಡಿಸುವ ರೂಢಿಯತ್ತ ಬೆರಳು ಮಾಡುತ್ತದೆ.

ನಿಷೇಧವು ಫಲ ನೀಡುವುದಿಲ್ಲವೆಂಬ ಭಾವನೆ ಕೆಲವರಲ್ಲಿದೆ. ಹಾಲಿನ ಉದಾಹರಣೆಯನ್ನು ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೆರಡು ರಾಜ್ಯಗಳ 2,205 ಹಾಲಿನ ಮಾದರಿಗಳ ಪೈಕಿ ಶೇ. 82ರಲ್ಲಿ ಡಿ.ಡಿ.ಟಿ. ಇತ್ತು. ಮೇವಿನ ಮೂಲಕ ದನದ ಕೊಬ್ಬನ್ನು ಸೇರಿ, ಹಾಲಿನ ಜಿಡ್ಡಿನೊಂದಿಗೆ ಅದು ಮನುಷ್ಯನಿಗೆ ದಾಟುತ್ತಿತ್ತು. ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯು 1989ರಲ್ಲಿಯೂ, ಬಿ.ಎಚ್.ಸಿ. 1997ರಲ್ಲಿಯೂ ನಿಂತ ನಂತರ ಹಾಲಿನಲ್ಲಿ ಇವುಗಳ ಮಟ್ಟವು ಇಳಿಯುತ್ತಾ ಬಂದಿತು. ಎಂಡೋಸಲ್ಫಾನ್ ಅನ್ನು ಕರ್ನಾಟಕವು 2011ರ ಫೆಬ್ರವರಿಯಲ್ಲಿಯೂ, ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಮೇ ತಿಂಗಳಲ್ಲಿ ದೇಶಾದ್ಯಂತವೂ ತಡೆಯಿತು. ಆದರೆ ಕಾಸರಗೋಡು ಮತ್ತು ಬೆಳ್ತಂಗಡಿ ತಾಲ್ಲೂಕಿನ ಗೇರು ತೋಟಗಳ ಸುತ್ತಲಿನ ಜನರು ಅನುಭವಿಸಿದ್ದು ಮುಖ್ಯವಾಗಿ ವಿಮಾನ ಸಿಂಪರಣೆಯಿಂದ ಗಾಳಿ, ನೀರು, ಮಣ್ಣುಗಳ ಮೂಲಕ ಬಂದ ವಿಷ. ಅದನ್ನು ಪೇಟೆಯ ಗ್ರಾಹಕನ ತಟ್ಟೆಯ ಶೇಷಾಂಶದೊಂದಿಗೆ ಸಮೀಕರಿಸುವುದು ಎರಡೂ ವಿಷಯಗಳಿಗೆ ನ್ಯಾಯ ಒದಗಿಸುವುದಿಲ್ಲ.

ತೋಟದಲ್ಲಿಯೇ ಕಡಿಮೆ ಮಾಡುವುದು

ಆಹಾರ ಸುರಕ್ಷತೆ ಅಧಿನಿಯಮದಲ್ಲಿ ‘ಪ್ರಾಥಮಿಕ ಆಹಾರ’ವು ರೈತನ ಕೈಯಲ್ಲಿರುವವರೆಗೆ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ, ವರ್ತಕನ ಕೈ ಸೇರಿದ ನಂತರ ಬರುತ್ತದೆ. ಹೀಗಾಗಿ ಮಿತಿ ಮೀರಿದ ಟೊಮೆಟೊಗೆ ಕಾನೂನಿನ ಮುಂದೆ ಉತ್ತರಿಸಬೇಕಾದವರು ಅದನ್ನು ಸಿಂಪಡಿಸದ ತಳ್ಳುಗಾಡಿಯವರೋ, ಅಂಗಡಿಯವರೋ ಆಗುತ್ತಾರೆ. ಮೇಲಾಗಿ ಮಾದರಿಯ ವಿಶ್ಲೇಷಣೆಗೆ ಆಹಾರ ವಿಶ್ಲೇಷಕರಿಗೆ ಹದಿನಾಲ್ಕು ದಿನಗಳ ಕಾಲಾವಕಾಶವಿದೆ. ಸೊಪ್ಪು, ತರಕಾರಿಯ ವಿಷಯದಲ್ಲಿ ವರದಿ ಬರುವ ಹೊತ್ತಿಗೆ ಸರಕು ಮಾರಾಟವಾಗಿ ಊಟವೂ ಆಗಿ ಬಹಳ ದಿನಗಳಾಗಿರುತ್ತವೆ. ದಂಡನೆಗಿಂತ ತೋಟದ ಹಂತದಲ್ಲಿನ ನಿವಾರಣೆಯೇ ಹೆಚ್ಚು ಫಲಪ್ರದವೆನ್ನುವುದು ಈ ಕಾರಣಕ್ಕಾಗಿ.

ಇದಕ್ಕೆ ಬೇಕಾದ ತಾಂತ್ರಿಕ ನೆರವು ಉತ್ತರ ಬೆಂಗಳೂರಿನಲ್ಲಿಯೇ ಲಭ್ಯವಿದೆ. ಎಲೆಕೋಸಿನ ಪ್ರತಿ 25 ಸಾಲುಗಳಿಗೆ ಎರಡು ಸಾಲು ಸಾಸಿವೆ ಬೆಳೆದರೆ ವಜ್ರಬೆನ್ನಿನ ಪತಂಗವು ಸಾಸಿವೆಯತ್ತ ಸೆಳೆಯಲ್ಪಡುತ್ತದೆ. ಟೊಮೆಟೊದ 16 ಸಾಲುಗಳಿಗೆ ಒಂದು ಸಾಲು ಚೆಂಡುಹೂ ಹಾಕಿದರೆ ಕಾಯಿಕೊರಕದ ಬಾಧೆ ತಗ್ಗುತ್ತದೆ. ಹೆಸರಘಟ್ಟದ ಸಂಸ್ಥೆಯು ಈ ಪದ್ಧತಿಗಳನ್ನೂ, ಬೇವು ಹಾಗೂ ಹೊಂಗೆಯ ಸಾಬೂನುಗಳನ್ನೂ, ಮೂರು ರೋಗಗಳನ್ನು ತಡೆದುಕೊಳ್ಳುವ ಅರ್ಕಾ ರಕ್ಷಕ್ ಟೊಮೆಟೊ ತಳಿಯನ್ನೂ ನೀಡಿದೆ. ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೊ 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಒಂದು ಪುಟ್ಟ ಪರತಂತ್ರ ಕಣಜವು ಪರಂಗಿಯ ಹಿಟ್ಟುತಿಗಣೆಯನ್ನು ಹತೋಟಿಗೆ ತಂದು, ಅಲ್ಲಿಯವರೆಗೆ ನಡೆಯುತ್ತಿದ್ದ ಸಿಂಪರಣೆಗಳನ್ನು ಅನಗತ್ಯವಾಗಿಸಿತು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಏರ್ಪಡಿಸುವ ಕೃಷಿಮೇಳದಲ್ಲಿ ಇಂತಹ ಮಾಹಿತಿಯನ್ನು ರೈತರೂ, ತಾರಸಿ ತೋಟ ಬೆಳೆಸುವ ನಗರವಾಸಿಗಳೂ ಪಡೆಯಬಹುದು. ರೈತರು ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ನ್ನು ಸಹ ಸಂಪರ್ಕಿಸಬಹುದು.

ಮನೆಯಲ್ಲಿ ಗಮನಿಸಬೇಕಾದದ್ದು

ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯುವುದರಿಂದ ಮೇಲ್ಮೈಯಲ್ಲಿರುವ ಶೇಷಾಂಶದ ಒಂದು ಭಾಗವು ಹೋಗುತ್ತದೆ. ಎಲೆಕೋಸಿನ ಹೊರಗಿನ ಎರಡು ಮೂರು ಎಲೆಗಳನ್ನು ತೆಗೆಯುವುದು, ಸೌತೆ ಹಾಗೂ ಗೆಡ್ಡೆಗಳ ಸಿಪ್ಪೆ ಹೆರೆಯುವುದು, ಸೊಪ್ಪನ್ನು ಬಿಡಿಸಿ ಎರಡು ಮೂರು ನೀರಿನಲ್ಲಿ ಜಾಲಿಸುವುದು ನಮ್ಮ ಅಡುಗೆಮನೆಗಳಲ್ಲಿ ಮೊದಲಿನಿಂದಲೂ ಇರುವ ಒಳ್ಳೆಯ ಅಭ್ಯಾಸಗಳು. ಬೇಯಿಸುವುದರಿಂದಲೂ ಹಲವು ರಾಸಾಯನಿಕಗಳು ಕ್ಷೀಣಿಸುತ್ತವೆ. ಸಾಬೂನು, ಬಟ್ಟೆ ತೊಳೆಯುವ ಪುಡಿಗಳನ್ನು ತರಕಾರಿಗೆ ಬಳಸಕೂಡದು. ಅಂತರ್ವ್ಯಾಪಿ ಕೀಟನಾಶಕಗಳನ್ನು ಯಾವ ದ್ರಾವಣವೂ ಪೂರ್ಣವಾಗಿ ತೆಗೆಯಲಾರದು. ಒಂದೇ ತರಕಾರಿಯನ್ನು ದಿನವೂ ಬಳಸದೆ ಬದಲಾಯಿಸುತ್ತಿದ್ದರೆ ಯಾವುದೇ ಒಂದು ರಾಸಾಯನಿಕದ ಸೇವನೆ ಸಂಚಯವಾಗುವುದು ತಪ್ಪುತ್ತದೆ.

ಶೇಷಾಂಶದ ಭಯದಿಂದ ತರಕಾರಿಯನ್ನೇ ಕಡಿಮೆ ಮಾಡುವುದು ಸರಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣನ್ನು ಶಿಫಾರಸು ಮಾಡಿದೆ. ನಮ್ಮ ಬಹುತೇಕ ಮನೆಗಳ ತಟ್ಟೆಯಲ್ಲಿ ಅನ್ನದ ರಾಶಿಯ ಪಕ್ಕದಲ್ಲಿರುವ ಪಲ್ಯವನ್ನು ತೂಗಿ ನೋಡಿದವರಿಗೆ ಈ ಕೊರತೆ ಎಷ್ಟೆಂಬುದು ತಿಳಿದೀತು.

ಪರೀಕ್ಷೆಗೆ ಒಪ್ಪಿಸುವ ವಿಧಾನ

ತಾವು ಖರೀದಿಸಿದ ಪದಾರ್ಥದ ಬಗ್ಗೆ ಸಂಶಯವಿದ್ದಲ್ಲಿ, ಅಧಿನಿಯಮದ 40ನೆಯ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಅದನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ಹೀಗೆ ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ವರದಿಯಲ್ಲಿ ಉಲ್ಲಂಘನೆ ಕಂಡುಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯುವ ಹಕ್ಕು ಖರೀದಿದಾರರಿಗಿದೆ. ಯಾವ ಕೀಟನಾಶಕಗಳಿಗಾಗಿ ಪರೀಕ್ಷಿಸಲಾಯಿತು, ಎಷ್ಟು ಸೂಕ್ಷ್ಮ ಮಟ್ಟದವರೆಗೆ ಅಳೆಯಲಾಯಿತು ಎಂಬ ಎರಡು ವಿವರಗಳು ವರದಿಯಲ್ಲಿ ಇವೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ದೂರುಗಳನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಶುಲ್ಕರಹಿತ ಸಂಖ್ಯೆ 1800-112-100ಕ್ಕೆ ಅಥವಾ ಆಯಾ ಪ್ರದೇಶದ ಆಹಾರ ಸುರಕ್ಷತಾಧಿಕಾರಿಗಳಿಗೆ ಸಲ್ಲಿಸಬಹುದು. ಖರೀದಿಯ ದಿನಾಂಕ, ಸ್ಥಳ ಹಾಗೂ ಲಭ್ಯವಿದ್ದಲ್ಲಿ ರಸೀದಿಯ ಪ್ರತಿಯನ್ನು ದೂರಿನೊಂದಿಗೆ ಲಗತ್ತಿಸತಕ್ಕದ್ದು.